ಕೈ ಹೇಳಿದಂತೆ ಮೇಣ: ಎನ್‌ಕಾಸ್ಟಿಕ್ ಕೊಲಾಜ್ ರಚನೆಗೆ ಒಂದು ಸಮಗ್ರ ಮಾರ್ಗದರ್ಶಿ

ಎನ್‌ಕಾಸ್ಟಿಕ್ ಕೊಲಾಜ್ ಎಂದರೆ ಬಿಸಿ ಮೇಣದ ಪದರಗಳ ನಡುವೆ ಕಾಗದದ ತುಂಡುಗಳನ್ನು ಹುದುಗಿಸಿ ಚಿತ್ರ ಕಟ್ಟುವ ವಿಧಾನ. ಕರಗಿದ ಮೇಣವನ್ನು ಕುಂಚದಲ್ಲಿ ಎತ್ತಿಕೊಂಡು ಹಲಗೆಯ ಮೇಲೆ ಎಳೆದರೆ, ಕೆಲವೇ ಕ್ಷಣಗಳಲ್ಲಿ ಅದು ಹೆಪ್ಪುಗಟ್ಟಿ ಕುಂಚವನ್ನೇ ಹಿಡಿದು ನಿಲ್ಲಿಸುತ್ತದೆ. ತೈಲವರ್ಣ ಕೊಡುವ ಬಿಡುವಾಗಲಿ ಜಲವರ್ಣ ಕೊಡುವ ಹರಿವಾಗಲಿ ಇಲ್ಲಿ ಇಲ್ಲ. ಆದ್ದರಿಂದ ಮೊದಲೇ ಬರೆದಿಟ್ಟ ನಕ್ಷೆಯನ್ನು ಮೇಣದಲ್ಲಿ ಯಥಾವತ್ತಾಗಿ ಇಳಿಸಲು ಹೊರಟವರು ಬಹುಮಟ್ಟಿಗೆ ನಿರಾಶರಾಗುತ್ತಾರೆ. ಆದರೆ ಇದೇ ಮೇಣ ಮತ್ತೆ ಬಿಸಿ ತಾಗಿದಾಗ ಕರಗುತ್ತದೆ, ಕೆರೆದರೆ ಪದರಪದರವಾಗಿ ಏಳುತ್ತದೆ, ಮುಚ್ಚಿಟ್ಟದ್ದನ್ನೂ ಅರೆಬರೆಯಾಗಿ ತೋರಿಸುತ್ತಿರುತ್ತದೆ. ಹೀಗಾಗಿ ಇಲ್ಲಿ ಮಾಡುವ ಯಾವ ನಿರ್ಧಾರವೂ ಸುಲಭಕ್ಕೆ ಕೊನೆಯದಾಗುವುದಿಲ್ಲ. ಯೋಜನೆಯಿಲ್ಲದೆ, ಒಳಮನಸ್ಸಿನ ಒಲವನ್ನು ಅನುಸರಿಸಿ ಕೆಲಸ ಮಾಡಬಯಸುವವರಿಗೆ ಇಷ್ಟು ಹೊಂದಿಕೊಳ್ಳುವ ಮಾಧ್ಯಮ ಮತ್ತೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಒಂದು ತಪ್ಪು ತಿಳಿವಳಿಕೆಯನ್ನು ಮಾತ್ರ ಆರಂಭದಲ್ಲಿಯೇ ನಿವಾರಿಸಿಕೊಳ್ಳಬೇಕು. ಅಂತಃಪ್ರೇರಣೆಯಿಂದ ಕೆಲಸ ಮಾಡುವುದೆಂದರೆ ಶಿಸ್ತಿಲ್ಲದೆ ಕೆಲಸ ಮಾಡುವುದಲ್ಲ. ಬಿಸಿಯ ಪ್ರಮಾಣ, ಕೋಣೆಯ ಗಾಳಿ, ಹಲಗೆಯ ಗುಣ, ಪದರಗಳ ಬೆಸುಗೆ ಈ ನಾಲ್ಕರಲ್ಲಿ ಸ್ವಲ್ಪವೂ ಸಡಿಲಿಕೆ ಸಲ್ಲದು. ಈ ನಾಲ್ಕೂ ಭದ್ರವಾಗಿದ್ದಾಗಲೇ ಉಳಿದದ್ದನ್ನೆಲ್ಲ ಕೈಗೆ ಒಪ್ಪಿಸಿಬಿಡಲು ಧೈರ್ಯ ಬರುತ್ತದೆ. ಈ ಬರಹದ ಮೊದಲರ್ಧ ಕಟ್ಟುನಿಟ್ಟಾಗಿಯೂ ಎರಡನೆಯ ಅರ್ಧ ಸಡಿಲವಾಗಿಯೂ ಕಂಡರೆ ಅದಕ್ಕೆ ಇದೇ ಕಾರಣ.

ಎನ್‌ಕಾಸ್ಟಿಕ್ ಎಂಬ ಹೆಸರಿನ ಮೂಲ ಗ್ರೀಕ್ ಭಾಷೆಯಲ್ಲಿದೆ. ಸುಟ್ಟು ಒಳಗಿಳಿಸುವುದು ಎಂಬುದು ಅದರ ಅರ್ಥ. ಕ್ರಿ.ಶ. 1ರಿಂದ 3ನೆಯ ಶತಮಾನದ ನಡುವೆ, ರೋಮನ್ ಆಳ್ವಿಕೆಯ ಈಜಿಪ್ಟಿನ ಫಯೂಮ್ ಪ್ರದೇಶದಲ್ಲಿ ಮಮ್ಮಿಗಳ ಮುಖದ ಮೇಲಿಡಲು ಬರೆದ ಭಾವಚಿತ್ರಗಳಲ್ಲಿ ಹಲವು ಈ ಮೇಣದ ವಿಧಾನದವು. ಅವುಗಳ ಬಣ್ಣ ಇಂದಿಗೂ ಮಾಸಿಲ್ಲ. ಕೊಲಾಜ್ ಮಾಡುವವರಿಗೆ ಹೆಚ್ಚು ಹತ್ತಿರದ ಉದಾಹರಣೆಯೆಂದರೆ ಅಮೆರಿಕದ ಜಾಸ್ಪರ್ ಜಾನ್ಸ್ 1954-55ರಲ್ಲಿ ರಚಿಸಿದ ಧ್ವಜದ ಚಿತ್ರ. ಎನಾಮಲ್ ಬಣ್ಣ ಒಣಗಲು ತಡವಾಗುತ್ತದೆಂದು ಅವರು ಮೇಣಕ್ಕೆ ಬದಲಾಯಿಸಿಕೊಂಡರು. ಮೇಣದಡಿ ಹುದುಗಿದ ಪತ್ರಿಕೆಯ ತುಂಡುಗಳ ಅಕ್ಷರಗಳು ಪಟ್ಟೆಗಳ ನಡುವೆ ಇಣುಕುವುದನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು.

ಮೇಣ ಮತ್ತು ರಾಳ

ಎನ್‌ಕಾಸ್ಟಿಕ್ ಮೀಡಿಯಂ ಎಂದರೆ ಜೇನುಮೇಣ ಮತ್ತು ದಮ್ಮರ್ ರಾಳಗಳ ಮಿಶ್ರಣ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬರಿಯ ಮೇಣ ಮೆದುವಾದ್ದರಿಂದ ಸುಲಭವಾಗಿ ಗೀರು ಬೀಳುತ್ತದೆ. ಮರದಿಂದ ಒಸರುವ ದಮ್ಮರ್ ರಾಳವನ್ನು ಬೆರೆಸಿದರೆ ಮಿಶ್ರಣ ಗಟ್ಟಿಯಾಗುತ್ತದೆ, ಕರಗುವ ಮಟ್ಟ ಏರುತ್ತದೆ, ಉಜ್ಜಿದಾಗ ಹೊಳಪೂ ಬರುತ್ತದೆ. ತೂಕದಲ್ಲಿ ಎಂಟು ಪಾಲು ಮೇಣಕ್ಕೆ ಒಂದು ಪಾಲು ರಾಳ ಎಂಬುದು ಬಹಳ ಕಲಾವಿದರು ಅನುಸರಿಸುವ ಅಳತೆ. 400 ಗ್ರಾಂ ಮೇಣಕ್ಕೆ 50 ಗ್ರಾಂ ರಾಳ. ರಾಳ ಹೆಚ್ಚಾದಷ್ಟೂ ಮೇಲ್ಮೈ ಬಿರುಸಾಗಿ, ಬಿರುಕು ಬಿಡುವ ಸಂಭವ ಹೆಚ್ಚುತ್ತದೆ.

ಶೋಧಿಸಿ ಬಿಳುಪುಗೊಳಿಸಿದ ಮೇಣವನ್ನೇ ಆರಿಸಿಕೊಳ್ಳಿ. ರಾಸಾಯನಿಕಗಳಿಂದ ಬಿಳುಪು ಮಾಡಿದ ಮೇಣ ಕ್ರಮೇಣ ಹಳದಿಗೆ ತಿರುಗಬಹುದು. ಹಳದಿ ಜೇನುಮೇಣವೂ ಬಳಕೆಗೆ ಯೋಗ್ಯವೇ, ಆದರೆ ಅದರ ಹೊಂಬಣ್ಣ ಕೆಳಗಿನ ಎಲ್ಲ ಬಣ್ಣಗಳಿಗೂ ಅಂಟಿಕೊಳ್ಳುತ್ತದೆ. ಹಳೆಯ ಕಾಗದಗಳ ಜೊತೆಗೆ ಅದು ಚೆಂದ, ತಣ್ಣನೆಯ ನೀಲಿಗಳ ಜೊತೆಗೆ ಅಲ್ಲ. ಮೇಣದಬತ್ತಿಗೆ ಬಳಸುವ ಪ್ಯಾರಫಿನ್ ಅಗ್ಗವೆಂದು ಅದರ ಮೊರೆಹೋಗಬೇಡಿ. ಅದು ಪೆಡಸಾದದ್ದು, ಚಕ್ಕೆಯಾಗಿ ಉದುರುತ್ತದೆ. ಕುಂಚ ತೊಳೆಯಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಮೀಡಿಯಂ ಅನ್ನು ಸ್ವತಃ ತಯಾರಿಸುವುದಾದರೆ ಮೊದಲು ಮೇಣವನ್ನು ಕರಗಿಸಿ, ಪುಡಿಮಾಡಿದ ರಾಳವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ ಕಲಕಬೇಕು. ರಾಳ ಕರಗಲು 100 ಡಿಗ್ರಿಗಿಂತ ತುಸು ಹೆಚ್ಚಿನ ಬಿಸಿ ಬೇಕಾಗುವುದರಿಂದ ಈ ಹಂತದಲ್ಲಿ ಗಾಳಿಯಾಡುವಿಕೆ ಇನ್ನೂ ಮುಖ್ಯ. ಪೂರ್ತಿ ಕರಗಿದ ಮೇಲೆ ಹತ್ತಿಯ ಬಟ್ಟೆಯಲ್ಲಿ ಸೋಸಿದರೆ ತೊಗಟೆಯ ಚೂರು, ಕಸಕಡ್ಡಿಗಳು ಬಟ್ಟೆಯಲ್ಲಿ ಉಳಿಯುತ್ತವೆ. ಮೊದಲ ಕೆಲವು ಕೃತಿಗಳಿಗೆ ಸಿದ್ಧ ಮೀಡಿಯಂ ಕೊಂಡುಕೊಳ್ಳುವುದೇ ಜಾಣತನ. ಕಲಿಯಬೇಕಾದದ್ದು ಬೇರೆಯೇ ಬಹಳಷ್ಟಿದೆ.

ಬಣ್ಣದ ಪುಡಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕ್ಯಾಡ್ಮಿಯಂ, ಸೀಸ ಮೊದಲಾದವುಗಳಿರುವ ಪುಡಿಗಳು ಉಸಿರಿನೊಡನೆ ಒಳಹೋದರೆ ಅಪಾಯಕಾರಿ. ಎನ್‌ಕಾಸ್ಟಿಕ್‌ಗೆಂದೇ ತಯಾರಾದ ಬಣ್ಣದ ಬಿಲ್ಲೆಗಳು ಹೆಚ್ಚು ಸುರಕ್ಷಿತ. ಟ್ಯೂಬಿನ ತೈಲವರ್ಣವನ್ನು ಹೀರುಕಾಗದದ ಮೇಲೆ ಹಿಂಡಿ, ಎಣ್ಣೆ ಇಳಿಯಲು ಕೆಲವು ಗಂಟೆ ಬಿಟ್ಟು, ಬಳಿಕ ಚೂರೇ ಚೂರು ಮೀಡಿಯಂಗೆ ಬೆರೆಸುವ ದಾರಿಯೂ ಇದೆ. ಎಣ್ಣೆ ಹೆಚ್ಚಾದರೆ ಮೇಣ ಎಂದಿಗೂ ಸರಿಯಾಗಿ ಗಟ್ಟಿಯಾಗದು.

ಬಿಸಿ ಮತ್ತು ಗಾಳಿ

ಉಷ್ಣತೆಯನ್ನು ನಿಯಂತ್ರಿಸಬಲ್ಲ ವಿದ್ಯುತ್ ತವೆಯ ಮೇಲೆ, ಮುಚ್ಚಳವಿರುವ ಲೋಹದ ಡಬ್ಬಿಗಳಲ್ಲಿ ಮೇಣವನ್ನಿಟ್ಟು 80ರಿಂದ 93 ಡಿಗ್ರಿಯ ನಡುವೆ ಕೆಲಸ ಮಾಡಬೇಕು. ತವೆಯ ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ; ಥರ್ಮಾಮೀಟರನ್ನು ಮೇಣದೊಳಗೇ ಅದ್ದಿ ನೋಡಿ. ಮೇಣ ಹೊಗೆಯಾಡಿದರೆ ಮಿತಿ ಮೀರಿದೆ ಎಂದೇ ಅರ್ಥ. ಅತಿಯಾಗಿ ಕಾದ ಮೇಣದಿಂದ ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಕೆರಳಿಸುವ ಆಕ್ರೋಲಿನ್ ಮುಂತಾದ ಅನಿಲಗಳು ಹೊರಬರುತ್ತವೆ. ಕಿಟಕಿಯೊಂದನ್ನು ತೆರೆದಿಟ್ಟರೆ ಸಾಲದು. ಒಂದು ಕಿಟಕಿಯಲ್ಲಿ ಗಾಳಿಯನ್ನು ಹೊರದೂಡುವ ಫ್ಯಾನ್ ಇರಬೇಕು, ಎದುರಿನ ಕಿಟಕಿಯಿಂದ ಹೊಸ ಗಾಳಿ ಒಳಬರಬೇಕು, ತವೆ ಫ್ಯಾನಿನ ಬದಿಗಿರಬೇಕು. ಹಾಗಿದ್ದರೆ ಹಬೆ ನಿಮ್ಮ ಮುಖದ ಮುಂದೆ ಹಾದುಹೋಗದೆ ನೇರವಾಗಿ ಹೊರಗೆ ಸಾಗುತ್ತದೆ.

ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ಡಬ್ಬಿಗೆ ಮುಚ್ಚಳ ಹಾಕಿ ವಿದ್ಯುತ್ ನಿಲ್ಲಿಸಬೇಕು. ಸೂಕ್ತವಾದ ಅಗ್ನಿಶಾಮಕವೊಂದು ಕೈಗೆಟಕುವಂತಿರಲಿ. ಬಿಸಿ ಮೇಣ ಚರ್ಮದ ಮೇಲೆ ಬಿದ್ದರೆ ಕೀಳಲು ಹೋಗದೆ ಮೊದಲು ತಣ್ಣೀರಿನ ಧಾರೆಯಡಿ 20 ನಿಮಿಷ ಹಿಡಿಯಬೇಕು. ಈ ಕೆಲಸಕ್ಕೆ ಬಳಸಿದ ಪಾತ್ರೆ, ತವೆ, ಚಮಚಗಳು ಮತ್ತೆ ಅಡುಗೆಮನೆಗೆ ಹೋಗಕೂಡದು.

ಹಲಗೆ

ಹಲಗೆ ಬಾಗಬಾರದು, ಹೀರಿಕೊಳ್ಳಬೇಕು: ಬೇಕಾದ ಗುಣಗಳು ಈ ಎರಡೇ. ಬಾಗಿದರೆ ಮೇಣ ಬಿರಿಯುತ್ತದೆ. ಹೀರದಿದ್ದರೆ ಮೇಣಕ್ಕೆ ಹಿಡಿತ ಸಿಗದೆ ಒಂದು ದಿನ ಚಕ್ಕೆಯಾಗಿ ಕಳಚಿಕೊಳ್ಳುತ್ತದೆ. ಹಿಂಬದಿಗೆ ಚೌಕಟ್ಟು ಹೊಡೆದ, ಏನೂ ಬಳಿಯದ ಪ್ಲೈವುಡ್ ಹಲಗೆ ಉತ್ತಮ. ಕ್ಯಾನ್ವಾಸ್‌ಗೆ ಬಳಿಯುವ ಸಾಮಾನ್ಯ ಅಕ್ರಿಲಿಕ್ ಜೆಸ್ಸೋ ಎಂಬ ಬಿಳಿಯ ತಳಲೇಪ ಮೇಣದ ಶತ್ರು. ಅದು ಒಣಗಿದಾಗ ಪ್ಲಾಸ್ಟಿಕ್ಕಿನ ಪೊರೆಯಾಗುವುದರಿಂದ ಮೇಣ ಒಳಗಿಳಿಯಲು ರಂಧ್ರಗಳೇ ಉಳಿಯುವುದಿಲ್ಲ. ಬಿಳಿಯ ಹಿನ್ನೆಲೆ ಬೇಕೆನಿಸಿದರೆ ಎನ್‌ಕಾಸ್ಟಿಕ್‌ಗೆಂದೇ ಇರುವ ಸುಣ್ಣದಂಶ ಹೆಚ್ಚಿರುವ ಜೆಸ್ಸೋ ಬಳಿಯಬಹುದು, ಇಲ್ಲವೇ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದವನ್ನು ಹಲಗೆಗೆ ಅಂಟಿಸಿಕೊಳ್ಳಬಹುದು.

20 ಸೆಂಟಿಮೀಟರ್ ಚದರದ ಮೂರು ಹಲಗೆಗಳನ್ನು ಒಟ್ಟಿಗೆ ಸಿದ್ಧಮಾಡಿಕೊಳ್ಳಿ ಎಂಬುದು ನನ್ನ ಒತ್ತಾಯ. ಒಂದೇ ಹಲಗೆ ಎದುರಿಗಿದ್ದಾಗ ಅದನ್ನು ಕೆಡಿಸಿಬಿಡುತ್ತೇನೆಂಬ ಭಯ ಕೈಯನ್ನು ಕಟ್ಟಿಹಾಕುತ್ತದೆ. ಮೂರಿದ್ದಾಗ ಒಂದು ತಣಿಯುವಷ್ಟರಲ್ಲಿ ಇನ್ನೊಂದರ ಕಡೆಗೆ ತಿರುಗಬಹುದು, ಒಂದರಲ್ಲಿ ಮಾಡಲು ಹಿಂಜರಿದ ಸಾಹಸವನ್ನು ಮತ್ತೊಂದರಲ್ಲಿ ಮಾಡಬಹುದು.

ಕಾಗದಗಳ ಪರಿಚಯ

ಕೊಲಾಜ್‌ಗೆ ಕೂಡಿಟ್ಟ ಕಾಗದಗಳೆಲ್ಲ ಮೇಣದಲ್ಲಿ ಒಂದೇ ರೀತಿ ವರ್ತಿಸುವುದಿಲ್ಲ. ಪ್ರತಿಯೊಂದರ ಚಿಕ್ಕ ತುಂಡನ್ನು ಕತ್ತರಿಸಿ ಮೀಡಿಯಂನಲ್ಲಿ ಅದ್ದಿ ತೆಗೆದು, ಪಕ್ಕದಲ್ಲಿ ಹೆಸರು ಬರೆದು ಒಂದು ಮಾದರಿ ಹಾಳೆ ಮಾಡಿಕೊಳ್ಳಿ. ಈ ಒಂದು ಗಂಟೆಯ ಕೆಲಸ ಮುಂದಿನ ಹತ್ತಾರು ನಿರಾಶೆಗಳನ್ನು ತಪ್ಪಿಸುತ್ತದೆ. ಜಪಾನಿನ ಕೋಝೋ ನಾರಿನ ತೆಳು ಕಾಗದ ಮೇಣ ಕುಡಿದೊಡನೆ ಬಹುಪಾಲು ಮಾಯವಾಗಿ, ಅದರ ಮೇಲೆ ಬರೆದ ಮಸಿಯ ಗೆರೆ ಮಾತ್ರ ಗಾಳಿಯಲ್ಲಿ ತೇಲುವಂತೆ ಉಳಿಯುತ್ತದೆ. ಈ ಮಾಧ್ಯಮದ ಅತ್ಯಂತ ಸುಂದರವಾದ ಗುಣ ಇದೇ ಎಂದು ನನಗನ್ನಿಸುತ್ತದೆ. ಪತ್ರಿಕೆಯ ಹಾಳೆ ಅರೆಪಾರದರ್ಶಕವಾಗಿ ಹಿಂಬದಿಯ ಅಚ್ಚೂ ಮುಂದೆ ತೋರತೊಡಗುತ್ತದೆ. ಇದು ಕೆಲವೊಮ್ಮೆ ವರ, ಕೆಲವೊಮ್ಮೆ ಗೊಂದಲ. ಅದಲ್ಲದೆ ಪತ್ರಿಕೆಯ ಕಾಗದದಲ್ಲಿರುವ ಆಮ್ಲ ಅದನ್ನು ಕಾಲಾಂತರದಲ್ಲಿ ಕಂದಾಗಿಸುವುದರಿಂದ, ಉಳಿಯಬೇಕಾದ ಕೃತಿಗೆ ಆಮ್ಲರಹಿತ ಕಾಗದದ ಮೇಲೆ ತೆಗೆದ ನಕಲನ್ನು ಬಳಸುವುದು ಒಳ್ಳೆಯದು. ಹೊಳಪಿನ ಲೇಪವಿರುವ ಫೋಟೋ ಕಾಗದ ಮೇಣವನ್ನು ಹೀರುವುದಿಲ್ಲ, ಅದನ್ನು ಬಿಟ್ಟುಬಿಡಿ. ಎಲೆ, ದಾರ, ಬಟ್ಟೆಗಳನ್ನೂ ಹುದುಗಿಸಬಹುದು, ಆದರೆ ಎಲೆ ಪೂರ್ತಿ ಒಣಗಿರಬೇಕು. ತೇವ ಉಳಿದಿದ್ದರೆ ಬಿಸಿಗೆ ಹಬೆಯಾಗಿ ಗುಳ್ಳೆ ಏಳುತ್ತದೆ, ಮುಂದೆ ಬೂಷ್ಟೂ ಹಿಡಿಯಬಹುದು.

ಒಣ ಕಾಗದ ಪಾರದರ್ಶಕವಾಗುವಾಗ ಗಾಢವೂ ಆಗುತ್ತದೆ ಎಂಬುದನ್ನು ನೆನಪಿಡಿ. ನೀರಿನಲ್ಲಿ ನೆನೆಸಿದಾಗ ಅದು ಹೇಗೆ ಕಾಣುತ್ತದೆಯೋ ಮೇಣದಲ್ಲಿಯೂ ಸುಮಾರಾಗಿ ಹಾಗೆಯೇ ಕಾಣುತ್ತದೆ.

ಮೊದಲ ಪದರಗಳು

ಹಲಗೆಯನ್ನು ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ಕೈಗೆ ಬೆಚ್ಚಗೆನ್ನಿಸುವಷ್ಟು ಕಾಯಿಸಿ. ತಣ್ಣನೆಯ ಹಲಗೆಯ ಮೇಲೆ ಬಿದ್ದ ಮೇಣ ಒಳಗಿಳಿಯುವ ಮೊದಲೇ ಹೆಪ್ಪುಗಟ್ಟುತ್ತದೆ, ಮರದೊಳಗಿನ ಗಾಳಿ ಬಳಿಕ ಸೂಜಿಮೊನೆಯಷ್ಟು ತೂತುಗಳನ್ನು ಮಾಡುತ್ತ ಹೊರಬರುತ್ತದೆ. ಪ್ರಾಣಿಗಳ ಕೂದಲಿನ ಅಗಲ ಕುಂಚವನ್ನೇ ಬಳಸಿ. ಕೃತಕ ಎಳೆಗಳು ತವೆಯ ಮೇಲೆಯೇ ಕರಗಿಹೋಗುತ್ತವೆ. ಬಣ್ಣ ಬೆರೆಸದ ಮೀಡಿಯಂ ಅನ್ನು ಒಂದೇ ದಿಕ್ಕಿನಲ್ಲಿ ತೆಳುವಾಗಿ ಬಳಿದು ಬೆಸೆಯಿರಿ. ತಣಿದ ಮೇಲೆ ಹಲಗೆಯನ್ನು ಕಾಲುಸುತ್ತು ತಿರುಗಿಸಿ ಎರಡನೆಯ ಪದರ ಬಳಿದು ಮತ್ತೆ ಬೆಸೆಯಿರಿ. ಇಷ್ಟಾದರೆ ಬುನಾದಿ ಸಿದ್ಧ.

ಬೆಸುಗೆ ಎಂಬ ಮಾತಿಗೆ ಇಲ್ಲಿ ನಿಶ್ಚಿತ ಅರ್ಥವಿದೆ. ಹೊಸದಾಗಿ ಬಳಿದ ಪದರ ಕೆಳಗಿನ ಪದರದ ಮೇಲೆ ಸುಮ್ಮನೆ ಕುಳಿತಿರುತ್ತದೆಯೇ ಹೊರತು ಅದರೊಡನೆ ಒಂದಾಗಿರುವುದಿಲ್ಲ. ಎರಡರ ಅಂಚೂ ಕರಗಿ ಒಂದಾಗುವಷ್ಟು ಬಿಸಿ ಕೊಡುವುದೇ ಬೆಸುಗೆ. ಈ ಮಾಧ್ಯಮಕ್ಕೆ ಹೆಸರು ಬಂದದ್ದೂ ಇದರಿಂದಲೇ. ಹೀಟ್ ಗನ್ನನ್ನು ಕಡಿಮೆ ವೇಗಕ್ಕಿಟ್ಟು, ಮೇಲ್ಮೈಯಿಂದ ಒಂದು ಗೇಣಿನಷ್ಟು ಎತ್ತರದಲ್ಲಿ ಹಿಡಿದು, ಒಂದೆಡೆ ನಿಲ್ಲಿಸದೆ ಆಡಿಸುತ್ತಿರಿ. ಮಂಕಾಗಿದ್ದ ಮೇಣದ ಮೇಲೆ ಒದ್ದೆಯಾದಂಥ ಹೊಳಪು ಹರಡಿಕೊಂಡು ಹೋಗುವುದು ಕಾಣುತ್ತದೆ. ಆ ಹೊಳಪು ಕಂಡ ಕೂಡಲೇ ಮುಂದಕ್ಕೆ ಸರಿಯಬೇಕು. ಅಲ್ಲಿಯೇ ತಡೆದರೆ ಮೇಣ ಹೊಳೆಯಾಗಿ ಹರಿದು ಕೆಳಗಿನ ಬಣ್ಣಗಳನ್ನೂ ಕಾಗದಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕೆಲವರು ಗ್ಯಾಸಿನ ಟಾರ್ಚ್ ಬಳಸುತ್ತಾರೆ. ಅದರಲ್ಲಿ ಗಾಳಿಯ ರಭಸವಿಲ್ಲದೆ ಗೆರೆಗಳು ನಿಂತಲ್ಲಿಯೇ ನಿಲ್ಲುತ್ತವೆ, ನಿಜ; ಆದರೆ ಮೇಣ ತಾಗದ ಕಾಗದದ ಅಂಚು ಮೇಲೆದ್ದಿದ್ದರೆ ಅದಕ್ಕೆ ಬೆಂಕಿ ಹತ್ತುವುದು ಕ್ಷಣದ ಕೆಲಸ. ಕೊಲಾಜ್ ಕಲಿಯುವವರು ಮೊದಲಿಗೆ ಅದರಿಂದ ದೂರವಿರಲಿ.

ಆಯ್ಕೆ: ಅರ್ಥಕ್ಕಿಂತ ಮೊದಲು ಆಕರ್ಷಣೆ

ನಿಯಮಗಳು ಹಿಡಿತ ಸಡಿಲಿಸುವುದು ಇಲ್ಲಿಂದ. ಕೂಡಿಟ್ಟ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಹತ್ತು ನಿಮಿಷದ ಗಡಿಯಾರ ಇಟ್ಟುಕೊಂಡು, ಕೈ ಹೋದ ತುಂಡುಗಳನ್ನು ಎತ್ತಿ ಬೇರೆ ಮಾಡಿ. ಈ ಚಿತ್ರ ಏನನ್ನು ಹೇಳುತ್ತದೆ ಎಂದು ಈಗ ಕೇಳಿಕೊಳ್ಳಬೇಡಿ. ಕೇಳಿದೊಡನೆ ಮನಸ್ಸು ತಾನು ಈಗಾಗಲೇ ಬಲ್ಲ ಉತ್ತರವನ್ನು ಕೊಡುತ್ತದೆ. ಹಕ್ಕಿಯ ಚಿತ್ರದ ಪಕ್ಕಕ್ಕೆ ಆಕಾಶದ ನೀಲಿ, ಪತ್ರದ ಪಕ್ಕಕ್ಕೆ ಅಂಚೆಚೀಟಿ ಬಂದು ಕೂರುತ್ತವೆ. ಹರಿದ ಅಂಚಿನ ಒರಟುತನ, ಒಂದು ಕಂದುಬಣ್ಣದ ಆಳ, ಅಕ್ಷರವೊಂದರ ಬಾಗು, ಯಾವುದು ಕಣ್ಣನ್ನು ಹಿಡಿಯಿತೋ ಅದೇ ಆರಿಸಲು ಸಾಕಾದ ಕಾರಣ. ಕತ್ತರಿಯನ್ನು ಬದಿಗಿಟ್ಟು ಕೈಯಿಂದಲೇ ಹರಿಯುವುದನ್ನು ನಾನು ಇಷ್ಟಪಡುತ್ತೇನೆ, ಏಕೆಂದರೆ ಹರಿದ ಅಂಚಿನ ನಾರುಗಳು ಮೇಣದಲ್ಲಿ ಕರಗಿದಂತೆ ಕಂಡು ತುಂಡಿನ ಗಡಿ ಅಳಿದುಹೋಗುತ್ತದೆ.

ಆಯ್ಕೆ ಹೀಗೆ ಮುಕ್ತವಾಗಿರುವಾಗ ಬಣ್ಣಗಳ ಸಂಖ್ಯೆಗೆ ಮಿತಿ ಇರಲಿ. ಬಿಳಿಯೊಂದಿಗೆ ಇನ್ನೆರಡು ಬಣ್ಣ ಸಾಕು. ಹತ್ತು ಡಬ್ಬಿ ತೆರೆದಿಟ್ಟುಕೊಂಡವರು ಯಾವುದನ್ನು ಬಳಸಲೆಂದು ಯೋಚಿಸುವಷ್ಟರಲ್ಲಿ ಹಲಗೆ ತಣಿದುಹೋಗಿರುತ್ತದೆ.

ಹುದುಗಿಸುವುದು, ಮುಚ್ಚುವುದು

ಆರಿಸಿದ ತುಂಡನ್ನು ಕೂರಿಸುವ ಜಾಗಕ್ಕೆ ತೆಳುವಾಗಿ ಮೀಡಿಯಂ ಬಳಿದು, ಅದು ಇನ್ನೂ ಬೆಚ್ಚಗಿರುವಾಗಲೇ ಕಾಗದವನ್ನಿಟ್ಟು ಮಧ್ಯದಿಂದ ಅಂಚಿನ ಕಡೆಗೆ ಒತ್ತಿ ಗಾಳಿಯನ್ನು ಹೊರದೂಡಿ. ಮೇಲೆ ಬೇಕಿಂಗ್ ಕಾಗದವನ್ನಿಟ್ಟು ಚಮಚದ ಬೆನ್ನಿನಿಂದ ಉಜ್ಜಿದರೆ ಬೆರಳು ಸುಡುವುದಿಲ್ಲ. ಬಳಿಕ ಮೇಲೊಂದು ತೆಳು ಪದರ ಬಳಿದು ಬೆಸೆಯಿರಿ. ದಪ್ಪ ಕಾಗದವಾದರೆ ಮೊದಲೇ ಎರಡೂ ಬದಿ ಮೀಡಿಯಂನಲ್ಲಿ ಅದ್ದಿಕೊಂಡು ಕೂರಿಸುವುದು ಲೇಸು. ಕಾಗದದ ಕೆಳಗೆ ಬಿಳಿಯ ಕಲೆ ಕಂಡರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ಸೂಜಿಯಿಂದ ಚುಚ್ಚಿ, ಬಿಸಿಮಾಡಿ, ಒತ್ತಿದರೆ ಸರಿಹೋಗುತ್ತದೆ.

ಒಂದೆರಡು ತುಂಡು ಕುಳಿತ ಮೇಲೆ ಹಲಗೆಯನ್ನು ತಲೆಕೆಳಗು ಮಾಡಿ ನೋಡಿ. ಗುರುತಿಸಬಲ್ಲ ಆಕೃತಿಗಳು ಆಗ ಬರಿಯ ಬೆಳಕು ಮತ್ತು ತೂಕಗಳಾಗಿ ಕಾಣುತ್ತವೆ, ಎಲ್ಲಿ ಭಾರ ಹೆಚ್ಚಿದೆ, ಎಲ್ಲಿ ಕಣ್ಣು ಸುಮ್ಮನೆ ಜಾರಿಹೋಗುತ್ತದೆ ಎಂಬುದು ತಿಳಿಯುತ್ತದೆ. ಮುಂದಿನ ತುಂಡು ಎಲ್ಲಿಗೆ ಎಂಬುದನ್ನು ಆ ನೋಟವೇ ಹೇಳುತ್ತದೆ. ಏನೂ ಹೊಳೆಯದಿದ್ದರೆ ಎರಡನೆಯ ಹಲಗೆಗೆ ಹೋಗಿ.

ಇಷ್ಟವಾದದ್ದನ್ನು ಮುಚ್ಚಲು ಹೆದರದಿರುವುದು ಈ ವಿಧಾನದ ಕಠಿಣ ಪಾಠ. ಹಲಗೆಯ ಒಂದು ಮೂಲೆ ಬಹಳ ಚೆನ್ನಾಗಿ ಬಂದರೆ ನಾವು ಅದರ ಕಾವಲಿಗೆ ನಿಂತುಬಿಡುತ್ತೇವೆ, ಉಳಿದ ಚಿತ್ರವೆಲ್ಲ ಅದಕ್ಕೆ ಹೊಂದಿಕೊಳ್ಳಲು ಹೆಣಗುತ್ತದೆ. ಒಮ್ಮೆ ಹಳೆಯ ಕೈಬರಹದ ಹಾಳೆಯೊಂದನ್ನು ಹೀಗೆ ವಾರಗಟ್ಟಲೆ ಕಾಪಾಡಿಕೊಂಡು ಬಂದ ನಾನು, ಕೊನೆಗೆ ಬೇಸತ್ತು ಇಡೀ ಹಲಗೆಗೆ ಬಿಳಿಯ ಮೇಣ ಬಳಿದುಬಿಟ್ಟೆ. ಮರುದಿನ ಅಲ್ಲಲ್ಲಿ ಕೆರೆದಾಗ ಮೂರೇ ಪದಗಳು ಮೇಲೆ ಬಂದವು. ಇಡೀ ಹಾಳೆ ಕಾಣುತ್ತಿದ್ದಾಗ ಇಲ್ಲದ ಬಿಗಿ ಆ ಮೂರು ಪದಗಳಿಂದ ಚಿತ್ರಕ್ಕೆ ಬಂತು.

ಕೆರೆಯುವುದು, ಗೀಚುವುದು, ಅಚ್ಚಿಳಿಸುವುದು

ಮೇಣವನ್ನು ಕೆರೆಯಲು ತಕ್ಕ ಸಮಯವೆಂದರೆ ಅದು ಅಂಗೈಯಷ್ಟು ಬೆಚ್ಚಗಿರುವ ಹೊತ್ತು. ಪೂರ್ತಿ ತಣಿದಿದ್ದರೆ ಚಕ್ಕೆ ಏಳುತ್ತದೆ, ಬಿಸಿಯಾಗಿದ್ದರೆ ಕಲಸಿಹೋಗುತ್ತದೆ. ಅಗಲ ಅಲಗನ್ನು ಬಹುತೇಕ ಅಡ್ಡಡ್ಡ ಹಿಡಿದು ಹಗುರವಾಗಿ ಎಳೆದರೆ ಸುರುಳಿಸುರುಳಿಯಾಗಿ ಮೇಣ ಬರುತ್ತ ಕೆಳಗಿನ ಬಣ್ಣಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಎಷ್ಟು ಕೆರೆಯಬೇಕೆಂದು ಮೊದಲೇ ನಿರ್ಧರಿಸಬೇಡಿ. ನಾಲ್ಕು ಎಳೆತಕ್ಕೊಮ್ಮೆ ನಿಂತು, ಒಂದೆರಡು ಹೆಜ್ಜೆ ಹಿಂದೆ ಸರಿದು ನೋಡಿ. ಕೆರೆದ ಸುರುಳಿಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಕೂಡಿಡಿ. ಎಲ್ಲವೂ ಬೆರೆತು ಹುಟ್ಟುವ ಬೂದುಬಣ್ಣ ಮುಂದಿನ ಚಿತ್ರದ ತಳಪದರಕ್ಕೆ ಸೊಗಸಾಗಿ ಒದಗುತ್ತದೆ.

ಸಪುರ ಗೆರೆ ಬೇಕಾದಾಗ ತಣಿದ ಮೇಣವನ್ನು ಸೂಜಿಯಂಥ ಉಪಕರಣದಿಂದ ಗೀರಿ, ಆ ಗೀರಿನೊಳಕ್ಕೆ ಕಡ್ಡಿಯ ರೂಪದ ತೈಲವರ್ಣವನ್ನು ಬೆರಳಿನಿಂದ ತಿಕ್ಕಿ ತುಂಬಿ, ಉಳಿದದ್ದನ್ನು ಬಟ್ಟೆಯಿಂದ ಒರೆಸಬೇಕು. ಬಟ್ಟೆಗೆ ಒಂದು ಹನಿ ಎಣ್ಣೆ ಸೋಕಿಸಿದರೆ ಮೇಲ್ಮೈ ಶುಭ್ರವಾಗಿ ಗೆರೆಯಷ್ಟೇ ಉಳಿಯುತ್ತದೆ.

ಚಿತ್ರವೊಂದನ್ನು ಕಾಗದವಿಲ್ಲದೆಯೇ ಮೇಣದ ಮೇಲೆ ಇಳಿಸಲೂ ಬರುತ್ತದೆ. ಲೇಸರ್ ಯಂತ್ರದ ಅಥವಾ ಜೆರಾಕ್ಸ್ ಪ್ರತಿಯ ಮಸಿಬದಿಯನ್ನು, ಬೆಚ್ಚಗಿದ್ದರೂ ಅಂಟಂಟಾಗಿಲ್ಲದ ನಯವಾದ ಮೇಣದ ಮೇಲಿಟ್ಟು ಚಮಚದಿಂದ ಎಲ್ಲೆಡೆಯೂ ಬಲವಾಗಿ ಉಜ್ಜಿ. ಆಮೇಲೆ ಕಾಗದದ ಬೆನ್ನಿಗೆ ನೀರು ಸೋಕಿಸಿ, ಅದು ನೆನೆದ ಮೇಲೆ ಬೆರಳಿನಿಂದ ಮೆಲ್ಲನೆ ಉಜ್ಜುತ್ತ ಸುರುಳಿಸಿ ತೆಗೆದರೆ ಮಸಿ ಮೇಣದಲ್ಲಿ ಉಳಿಯುತ್ತದೆ. ಚಿತ್ರ ಎಡಬಲ ತಿರುಗುವುದರಿಂದ ಅಕ್ಷರಗಳಿದ್ದರೆ ಮೊದಲೇ ಕನ್ನಡಿ ಪ್ರತಿ ತೆಗೆದುಕೊಳ್ಳಬೇಕು. ನೀರು ಪೂರ್ತಿ ಆರುವ ಮೊದಲು ಬೆಸೆಯಬಾರದು, ಬೆಸೆಯುವಾಗಲೂ ಬಿಸಿ ತೀರ ಕಡಿಮೆಯಿರಲಿ. ಮೊದಲ ಬಾರಿಗೆ ಇದು ಸರಿಬರುವುದು ಅಪರೂಪ; ಅರ್ಧಂಬರ್ಧ ಇಳಿದ ಅಚ್ಚೇ ಕೆಲವೊಮ್ಮೆ ಹೆಚ್ಚು ಚೆನ್ನ.

ನಿಲ್ಲಿಸುವ ಹೊತ್ತು

ಯೋಜನೆಯಿಲ್ಲದೆ ಆರಂಭವಾದ ಚಿತ್ರಕ್ಕೆ ಮುಗಿಯಿತೆಂದು ಹೇಳುವ ಗುರುತು ಹೊರಗಿನಿಂದ ಸಿಗುವುದಿಲ್ಲ. ನಾನು ಅನುಸರಿಸುವ ಕ್ರಮ ಹೀಗಿದೆ: ಮುಂದಿನ ಹೆಜ್ಜೆ ಹಳೆಯದನ್ನು ತಿದ್ದುವುದಕ್ಕಷ್ಟೇ ಎಂದು ಅನ್ನಿಸಿದಾಗ ತವೆಯನ್ನು ಆರಿಸಿ, ಹಲಗೆಯನ್ನು ಗೋಡೆಗೆ ಒರಗಿಸಿ ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಕಣ್ಣು ಮೊದಲು ತಡೆದು ನಿಂತ ಜಾಗ ಹಿತವೋ ಮುಳ್ಳೋ ಎಂಬುದನ್ನಷ್ಟೇ ನೋಡುತ್ತೇನೆ. ಮುಳ್ಳಾದರೆ ಅಲ್ಲಿಗೆ ಮಾತ್ರ ಕೈಹಾಕುತ್ತೇನೆ. ಪದರಗಳು ಹತ್ತು ಹನ್ನೆರಡು ದಾಟಿದ ಮೇಲೆ ಮೇಣದ ಆಳ ಮಬ್ಬಾಗಿ ಕೆಳಗಿನ ಕಾಗದಗಳು ಕಾಣದಾಗುವುದರಿಂದ, ಆ ಹಂತದಲ್ಲಿ ಸೇರಿಸುವುದಕ್ಕಿಂತ ಕೆರೆಯುವುದೇ ಮೇಲು.

ಮುಗಿದ ಕೃತಿಯ ಆರೈಕೆ

ಮೇಣ ಒಂದು ಗಂಟೆಯಲ್ಲಿ ತಣಿದರೂ ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆ ಅವಧಿಯಲ್ಲಿ ಮೇಲ್ಮೈಯಲ್ಲಿ ಬಿಳಿಯ ಮಂಜಿನಂಥ ಪೊರೆ ಏಳುವುದುಂಟು. ಅದು ಬೂಷ್ಟಲ್ಲ, ಮೇಣದ ಸಹಜ ಗುಣ. ನುಣುಪಾದ ಹತ್ತಿಯ ಬಟ್ಟೆಯಿಂದ ವೃತ್ತಾಕಾರವಾಗಿ ಉಜ್ಜಿದರೆ ಹೋಗಿ ಹೊಳಪು ಮರಳುತ್ತದೆ. ವಾರ್ನಿಷ್ ಬಳಿಯುವ ಅಗತ್ಯವಿಲ್ಲ, ಗಾಜೂ ಅನಿವಾರ್ಯವಲ್ಲ. ಗಾಜು ಹಾಕುವುದಾದರೆ ಅದು ಮೇಣಕ್ಕೆ ತಾಗದಂತೆ ಅಂತರವಿರಲಿ. ನೇರ ಬಿಸಿಲು ಬೀಳುವ ಗೋಡೆ, ಒಲೆಯ ಪಕ್ಕ, ಬಿಸಿಲಿನಲ್ಲಿ ನಿಲ್ಲಿಸಿದ ಕಾರು ಇವು ಸಲ್ಲ. ಕೊರೆಯುವ ಚಳಿಯಲ್ಲಿ ಮೇಣ ಪೆಡಸಾಗುವುದರಿಂದ ಸಾಗಿಸುವಾಗ ಮೂಲೆಗಳು ಸಿಡಿಯದಂತೆ ದಪ್ಪ ರಟ್ಟಿನ ಆಸರೆ ಕೊಡಬೇಕು. ಸುತ್ತುವಾಗ ಗುಳ್ಳೆಗಳಿರುವ ಪ್ಲಾಸ್ಟಿಕ್ ನೇರವಾಗಿ ಮೇಣಕ್ಕೆ ತಾಗಿದರೆ ಅದರ ಗುರುತು ಅಚ್ಚೊತ್ತುತ್ತದೆ. ನಡುವೆ ಒಂದು ಪದರ ಬೇಕಿಂಗ್ ಕಾಗದವನ್ನಿಟ್ಟರೆ ಸಾಕು.